ಒಂಬತ್ತನೆಯ ಹುಣ್ಣಿಮೆ ಬರೆದವರಿಗೆ

ಹೂಳುಪೇಟೆ
ಫೆಬ್ರವರಿ ೩೦, ೨೨೧೪

‘ಒಡಲ ಒಂಬತ್ತು ಹುಣ್ಣಿಮೆ’ ಎಂಬ ಪದ್ಯದ ಪುಸ್ತಕ ಬರೆದ ಮಧುಕೇಶ ಹೊಂಗಿರಣ ಅವರಿಗೆ ಇಟ್ಟಿಗೆ ಭಟ್ಟಿಯ ಗಾಳೆಮ್ಮ ಬರೆಯುವುದು.

ಈ ಕಾಗದ ಬರೆಯುವ ಮನಸ್ಸು ನನಗಿರಲಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಶಾಲೆ ಬಿಟ್ಟದ್ದು ನಾಲ್ಕನೆಯ ತರಗತಿಯಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಬರೆದದ್ದೆಂದರೆ ಸುಟ್ಟ ಇಟ್ಟಿಗೆಯ ಮೇಲೆ ಇದ್ದಿಲಿನ ಗುರುತು, ಅಷ್ಟೇ. ಆದರೆ ನಮ್ಮೂರಿನ ಪದ್ಯಮಂಡಳಿಯವರು, ಕವಿಗೆ ಬರೆಯುವ ಕಾಗದವನ್ನು ಮನೆಯ ಹಿರಿಯರೇ ತಮ್ಮ ಕೈಯಾರೆ ಬರೆಯಬೇಕು, ಬೇರೆಯವರಿಂದ ಬರೆಸಿದರೆ ಕಳಿಸುವುದಿಲ್ಲ ಎಂದು ಹಟ ಹಿಡಿದಿದ್ದಾರೆ. ಹಾಗಾಗಿ ಭಟ್ಟಿಯಲ್ಲಿ ಬೇಯುತ್ತಿರುವ ಇಟ್ಟಿಗೆಯನ್ನು ಬಿಟ್ಟು ಇಲ್ಲಿ ಕುಳಿತು ಬೆರಳಿಗೆ ಮಸಿ ಬಳಿದುಕೊಳ್ಳುತ್ತಿದ್ದೇನೆ. ಇಟ್ಟಿಗೆ ಕೆಟ್ಟರೆ ಅದೂ ನಿಮ್ಮ ತಲೆಯ ಮೇಲೆಯೇ.

ತಾರೀಕು ನೋಡಿ ಹುಬ್ಬೇರಿಸಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ದಿನಗಳನ್ನು ವರ್ಷದ ಕೊನೆಗೆ ಒಟ್ಟು ಮಾಡಿ ‘ಬಿಟ್ಟಿ ದಿನ’ ಎನ್ನುತ್ತೇವೆ. ಆಗ ಯಾರೂ ಕೆಲಸ ಮಾಡುವುದಿಲ್ಲ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವೆನಿಸಬಹುದು. ಅದಕ್ಕೆ ಮೊದಲಿಗೇ ಕ್ಷಮೆ ಕೇಳಬೇಕೆಂದು ಮಂಡಳಿಯ ನಿಯಮ. ಕೇಳಿದ್ದೇನೆ. ಇನ್ನು ನಿಮ್ಮ ಮಾತುಗಳನ್ನು ಓದಿ ನಮ್ಮಲ್ಲಿ ಏನಾಯಿತು, ಅದಕ್ಕೆ ಕ್ಷಮೆ ಕೇಳಬೇಕಾದವರು ಯಾರು ಎಂಬುದನ್ನು ಕೆಳಗೆ ಬರೆದಿದ್ದೇನೆ.

ಈ ಕಾಗದ ನಿಮಗೆ ಹೇಗೆ ತಲುಪುತ್ತದೆ ಎಂದು ನನ್ನನ್ನು ಕೇಳಿ ಪ್ರಯೋಜನವಿಲ್ಲ. ಹಿಂದಂಚೆ ಎಂದು ಒಂದಿದೆ. ಹಳೆಯ ರೈಲು ಸುರಂಗದ ಬಾಯಲ್ಲಿ ಒಬ್ಬ ಕೂತಿರುತ್ತಾನೆ. ಕಾಗದವನ್ನು ತಾಮ್ರದ ಕೊಳವೆಯೊಳಗೆ ತುರುಕುತ್ತಾನೆ. ಕೊಳವೆ ಬೆಚ್ಚಗಾಗುತ್ತದೆ, ತೆರೆದು ನೋಡಿದರೆ ಖಾಲಿ. ಒಂದು ಮನೆಗೆ ಒಂದು ತಲೆಮಾರಿನಲ್ಲಿ ಒಂದೇ ಕಾಗದ. ಹೆಚ್ಚಿನವರು ತಮ್ಮ ಮುತ್ತಜ್ಜನಿಗೆ ಬೈದು ಬರೆದು ಅದನ್ನು ಹಾಳುಮಾಡಿಕೊಳ್ಳುತ್ತಾರೆ. ನಾನು ನಮ್ಮ ಮನೆಯ ಪಾಲಿನದನ್ನು ಒಬ್ಬ ಕವಿಗೆ ಖರ್ಚು ಮಾಡುತ್ತಿದ್ದೇನೆ, ಸತ್ತವರು ನಗುತ್ತಿರಬೇಕು. ನೀವು ಉತ್ತರ ಕೊಡಲು ಇಂಥ ಕಸರತ್ತು ಬೇಕಿಲ್ಲ. ನೀವು ಹಿಂದೆ ಇದ್ದೀರಿ, ನಾವು ಮುಂದೆ ಇದ್ದೇವೆ. ಬರೆದು ಭದ್ರವಾಗಿ ಇಟ್ಟರೆ ಸಾಕು, ಕಾಲವೇ ಹೊತ್ತು ತರುತ್ತದೆ.

ನಮ್ಮ ಊರು ಇರುವುದು ನಿಮ್ಮ ಕಾಲದ ತುಂಗಭದ್ರಾ ಜಲಾಶಯದ ಹೊಟ್ಟೆಯೊಳಗೆ. ನಿಮಗೆ ಅಲ್ಲಿ ನೀರು ಕಾಣುತ್ತದೆ. ನಮಗೆ ಅಲ್ಲಿ ಹೂಳು ತುಂಬಿ, ಒಣಗಿ, ಗಟ್ಟಿಯಾಗಿ, ಅದರ ಮೇಲೆ ಮನೆ ಕಟ್ಟಿ ನಾಲ್ಕು ತಲೆಮಾರು ಕಳೆದಿದೆ. ಹೂಳನ್ನು ಅಗೆದು ಇಟ್ಟಿಗೆ ಮಾಡುತ್ತೇವೆ, ಹೂಳಿನಲ್ಲೇ ಸಜ್ಜೆ ಬಿತ್ತುತ್ತೇವೆ, ಮಳೆಗಾಲದಲ್ಲಿ ಹೂಳಿನೊಳಗೇ ಕೈ ಹಾಕಿ ಮೀನು ತೆಗೆಯುತ್ತೇವೆ. ಬೀದಿಗಳಿಗೆಲ್ಲ ಮೇಲೆ ಬಟ್ಟೆ ಕಟ್ಟಿರುತ್ತದೆ, ನೆರಳುಬೀದಿ ಎನ್ನುತ್ತೇವೆ. ನೆರಳು ತಪ್ಪಿ ನಡುಮಧ್ಯಾಹ್ನ ಹೊರಗೆ ಹೋದವನನ್ನು ಎತ್ತಿಕೊಂಡು ಬರಬೇಕಾಗುತ್ತದೆ. ಪ್ರತಿಯೊಬ್ಬರ ಕೊರಳಲ್ಲೂ ಹಿತ್ತಾಳೆಯ ಒಂದು ಬಿಲ್ಲೆ ಇರುತ್ತದೆ. ಅದರಲ್ಲಿ ಹೆಸರು ಕೊರೆದಿರುತ್ತದೆ. ಅದಕ್ಕೆ ನೀರ್ಗುರುತು ಎಂದು ಹೆಸರು. ಅದನ್ನು ತೋರಿಸಿದರೆ ನೀರು, ಇಲ್ಲದಿದ್ದರೆ ಇಲ್ಲ. ಹುಟ್ಟಿದ ಕೂಸಿಗೆ ಹೆಸರಿಟ್ಟು ನೀರ್ಗುರುತು ಕೊಡುವ ಹಕ್ಕು ಪದ್ಯಮಂಡಳಿಯದು. ಈ ಒಂದು ಮಾತನ್ನು ನೆನಪಿಟ್ಟುಕೊಳ್ಳಿ, ನಾವು ಯಾಕೆ ಅವರ ಮುಂದೆ ಕೈಕಟ್ಟಿ ನಿಲ್ಲುತ್ತೇವೆ ಎಂಬುದು ತಿಳಿಯುತ್ತದೆ.

ಪದ್ಯಕ್ಕೂ ಕೂಸಿಗೂ ಏನು ಸಂಬಂಧ ಎಂದು ಕೇಳುತ್ತೀರಿ. ಸಂಬಂಧ ಹಚ್ಚಿದವರು ನೀವೇ.

ನಮ್ಮಲ್ಲಿ ಮೂರು ತಲೆಮಾರು ಯಾವ ಹೆಂಗಸೂ ಬಸಿರು ಹೊತ್ತಿರಲಿಲ್ಲ. ಕೂಸುಗಳು ಕುಡಿಕೆಯಲ್ಲಿ ಬೆಳೆಯುತ್ತಿದ್ದವು. ಕುಡಿಕೆ ಎಂದರೆ ಗಾಜಿನದೊಂದು ದೊಡ್ಡ ಗಡಿಗೆ, ಒಳಗೆ ಬೆಚ್ಚಗಿನ ನೀರು, ಹೊರಗೆ ಯಂತ್ರ. ಕೂಸು ಬೇಕೆಂದವರು ಕುಡಿಕೆಮನೆಗೆ ಹೋಗಿ ಬೆರಳು ಚುಚ್ಚಿಸಿಕೊಂಡು ಬರುತ್ತಿದ್ದರು, ದಿನ ತುಂಬಿದ ಮೇಲೆ ಹೋಗಿ ಬಟ್ಟೆಯಲ್ಲಿ ಸುತ್ತಿಕೊಂಡು ಬರುತ್ತಿದ್ದರು. ನಾನೂ ಹಾಗೆ ಬಂದವಳು. ನನ್ನ ಮಗಳೂ, ಅವಳ ಮಗಳು ಹುಲಿಗೆಮ್ಮನೂ ಹಾಗೆಯೇ. ಆಮೇಲೆ ಯಂತ್ರಗಳು ನಿಂತವು. ಅವಕ್ಕೆ ಬೇಕಾದ ಯಾವುದೋ ಒಂದು ಬಿಲ್ಲೆಯಷ್ಟು ಸಾಮಾನು ಮಾಡುವ ಊರೇ ಈಗ ಇಲ್ಲವಂತೆ. ಬಸಿರು, ಹೆರಿಗೆಯ ವಿದ್ಯೆಯೆಲ್ಲ ಆ ಯಂತ್ರಗಳ ತಲೆಯಲ್ಲೇ ಇತ್ತು, ಅವುಗಳ ಜೊತೆಗೇ ಸತ್ತಿತು. ನಮ್ಮ ವೈದ್ಯರಿಗೆ ಮುರಿದ ಮೂಳೆ ಗೊತ್ತು, ಬಿಸಿಲಿನ ಜ್ವರ ಗೊತ್ತು, ಹಾವಿನ ವಿಷ ಗೊತ್ತು. ಬಸುರಿಯ ಹೊಟ್ಟೆ ಮುಟ್ಟಲು ಅವರಿಗೂ ಭಯ. ಹೀಗೆ ಹೆಂಗಸರು ಮತ್ತೆ ಹೊಟ್ಟೆಯಲ್ಲೇ ಹೊರಬೇಕಾಗಿ ಬಂದಾಗ, ಹೇಗೆ ಎಂದು ಹೇಳುವ ಒಂದು ಬಾಯಿಯೂ ಊರಿನಲ್ಲಿ ಇರಲಿಲ್ಲ.

ಆಗ ಸಿಕ್ಕಿದ್ದು ನಿಮ್ಮ ಪುಸ್ತಕ. ಹಳೇ ಹೊಸಪೇಟೆಯ ಕಡೆ ಬುನಾದಿ ಅಗೆಯುವಾಗ ಒಂದು ಮುದ್ರಣಾಲಯದ ನೆಲಮಾಳಿಗೆ ಬಾಯಿ ತೆರೆಯಿತು. ಒಳಗೆ ಪ್ಲಾಸ್ಟಿಕ್ ಸುತ್ತಿದ ಕಟ್ಟುಗಳು, ಒಂದರ ಮೇಲೊಂದು. ಮೊದಲ ಪುಟದಲ್ಲಿ ‘ಪ್ರತಿಗಳು: ಐನೂರು’ ಎಂದು ಅಚ್ಚಾಗಿದೆ. ಐನೂರರಲ್ಲಿ ಕೈಬೆರಳಲ್ಲಿ ಎಣಿಸುವಷ್ಟು ಬಿಟ್ಟರೆ ಎಲ್ಲವೂ ಅಲ್ಲೇ ಇದ್ದವು. ನಿಮ್ಮ ಕಾಲದಲ್ಲಿ ಜನ ಓದಿದ ಪುಸ್ತಕಗಳೆಲ್ಲ ಕೈಯಿಂದ ಕೈಗೆ ಹೋಗಿ ಹರಿದು ಮಣ್ಣಾದವು. ಯಾರೂ ಮುಟ್ಟದ ನಿಮ್ಮದು ಹೊಚ್ಚ ಹೊಸದಾಗಿ ಉಳಿಯಿತು. ಒಂದು ಹುಣ್ಣಿಮೆಗೆ ಒಂದರಂತೆ ಒಂಬತ್ತು ಪದ್ಯ. ನಮ್ಮವರಿಗೆ ಅದು ಪದ್ಯದ ಹಾಗೆ ಕಾಣಲಿಲ್ಲ. ಯಾವ ತಿಂಗಳು ಏನು ಮಾಡಬೇಕು ಎಂದು ಹಿರಿಯರು ಬರೆದಿಟ್ಟ ಕ್ರಮದ ಹಾಗೆ ಕಂಡಿತು. ಅದನ್ನು ನೋಡಿಕೊಳ್ಳಲು ಒಂದು ಮಂಡಳಿ ಆಯಿತು. ಅದಕ್ಕೆ ಶರಭಯ್ಯ ಮಾಸ್ತರ ಅಧ್ಯಕ್ಷ. ಅವನು ಕೆಟ್ಟ ಮನುಷ್ಯನಲ್ಲ. ಅದೇ ತೊಂದರೆ. ಕೆಟ್ಟವನಾಗಿದ್ದರೆ ಇಟ್ಟಿಗೆಯಲ್ಲಿ ಹೊಡೆದು ಮುಗಿಸುತ್ತಿದ್ದೆ.

ನಿಮ್ಮ ಪದ್ಯಗಳು ಇಲ್ಲಿ ಏನೇನು ಮಾಡಿದವು ಎಂದು ಕೇಳಿ. ಮೊದಲನೆಯದರಲ್ಲಿ ‘ಕಣ್ಣೊಳಗೆ ಕಣ್ಣಿಟ್ಟ ಗಳಿಗೆ, ಚುಕ್ಕಿಯೊಂದು ಉದುರಿ ನನ್ನವಳ ಒಡಲು ಸೇರಿತು’ ಎಂದು ಬರೆದಿದ್ದೀರಿ. ಮಂಡಳಿಯವರು ಹೊಸ ಜೋಡಿಗಳನ್ನೆಲ್ಲ ಸಂಜೆ ಮಾಳಿಗೆಯ ಮೇಲೆ ಎದುರುಬದುರು ಕೂರಿಸಿದರು. ಮುಟ್ಟುವ ಹಾಗಿಲ್ಲ, ರೆಪ್ಪೆ ಬಡಿಯುವ ಹಾಗಿಲ್ಲ, ಚುಕ್ಕಿ ಉದುರುವವರೆಗೆ ಕಾಯಬೇಕು. ಆಡು ಮೇಯಿಸಿದವರಿಗೆಲ್ಲ ಕೂಸು ಹೇಗೆ ಬರುತ್ತದೆಂದು ಗೊತ್ತಿತ್ತು. ಆದರೆ ಅಚ್ಚಾದ ಮಾತಿನ ಎದುರು ಆಡಿನ ಮಾತು ಎತ್ತಲು ಎಲ್ಲರಿಗೂ ನಾಚಿಕೆ. ಮೊದಲ ವರ್ಷವೆಲ್ಲ ಊರಿನಲ್ಲಿ ಒಂದು ಬಸಿರೂ ನಿಲ್ಲಲಿಲ್ಲ. ಹುಲಿಗೆಮ್ಮನ ಗಂಡ ಕೊಟ್ರೇಶ ಒಂದು ದಿನ ಭಟ್ಟಿಯ ಹತ್ತಿರ ಬಂದು ಕೂತು, “ಅಜ್ಜಿ, ಕಣ್ಣಾಗ ಕಣ್ಣಿಟ್ಟು ಕುಂತು ಕುಂತು ನನಗ ಕಣ್ಣಬ್ಯಾನಿ ಬಂತು, ಕೂಸು ಬರಲಿಲ್ಲ” ಎಂದ. “ಮತ್ತ ಮನಿಗೆ ಹೋಗಿ ದೀಪ ಆರಿಸು, ಹುಚ್ಚಪ್ಪ” ಎಂದು ಹೇಳಿ ಕಳಿಸಿದೆ. ಹೋಗಿ ಆರಿಸಿರಬೇಕು, ಹುಲಿಗೆಮ್ಮ ಬಸುರಾದಳು. ನಿಮ್ಮ ಚುಕ್ಕಿಗೆ ಅದರಲ್ಲಿ ಯಾವ ಪಾಲೂ ಇರಲಿಲ್ಲ.

ಎರಡನೆಯ ಪದ್ಯದಲ್ಲಿ ‘ಅನ್ನ ಅವಳೊಡನೆ ಮುನಿದಿದೆ, ಈಗ ಬೆಳದಿಂಗಳೇ ಅವಳ ಊಟ’ ಎಂದಿದೆ. ವಾಂತಿ ಮಾಡಿಕೊಂಡು ಸುಸ್ತಾದ ಹುಡುಗಿಯನ್ನು ರೊಟ್ಟಿ ಕೊಡದೆ ಬೆಳದಿಂಗಳಿಗೆ ಕೂರಿಸಿದರು. ನಾನು ಸೆರಗಿನಲ್ಲಿ ಸಜ್ಜೆ ರೊಟ್ಟಿ ಕದ್ದು ಒಯ್ದು ಕೊಡುತ್ತಿದ್ದೆ. ನನ್ನ ಮೊಮ್ಮಗಳಿಗಾಗಿ ನಾನು ಕಳ್ಳಿಯಾದೆ. ನಾಲ್ಕನೆಯದರಲ್ಲಿ ಮಾವಿನಕಾಯಿ ಬೇಡುತ್ತಾಳೆ. ಮಾವಿನ ಮರವನ್ನು ನಮ್ಮಲ್ಲಿ ಯಾರೂ ನೋಡಿಲ್ಲ. ಆದ್ದರಿಂದ ಒಂದು ಹಲಗೆಯ ಮೇಲೆ ಹಸಿರು ಬಣ್ಣದಲ್ಲಿ ಬರೆಸಿ ಅವಳ ಮುಂದೆ ಇಟ್ಟು, ಬಯಕೆ ತೀರಿತೆಂದು ಆರತಿ ಎತ್ತಿದರು. ಅದು ಬದನೆಕಾಯಿಯ ಹಾಗಿತ್ತು. ಐದನೆಯದರಲ್ಲಿ ‘ಒಳಗೊಂದು ಚಿಟ್ಟೆ ರೆಕ್ಕೆ ಬಿಚ್ಚಿತು’ ಎಂದಿದೆ. ಕೂಸು ಮೊದಮೊದಲು ಮಿಡುಕಿದಾಗ ಹುಲಿಗೆಮ್ಮ ನಕ್ಕಳು. ಆಮೇಲೆ ಅದು ಒದೆಯತೊಡಗಿತು. ಅವಳು ಅಳುತ್ತ ಬಂದಳು. “ಅಜ್ಜಿ, ಇದು ಚಿಟ್ಟಿ ಅಲ್ಲ, ಕ್ವಾಣ. ನನ್ನ ಪಕ್ಕೆಲಬು ಮುರಿಯಾಕ ಹತ್ತೇತಿ. ನನ್ನ ಹೊಟ್ಟ್ಯಾಗ ಏನರ ಬ್ಯಾರೆ ಐತೇನು?” ಎಂದು ಕೇಳಿದಳು. ಒದೆಯುವ ಕೂಸನ್ನು ಹೊತ್ತ ಹುಡುಗಿ, ಪದ್ಯದಲ್ಲಿ ಒದೆ ಇಲ್ಲವೆಂದು ತನ್ನ ಕೂಸಿಗೇ ಹೆದರಿದಳು.

ನಿಮ್ಮ ಪುಸ್ತಕವನ್ನು ಶರಭಯ್ಯ ನನಗೆ ಎರಡು ಸಲ ಓದಿಸಿದ್ದಾನೆ. ಅದರಲ್ಲಿ ಬಸುರಿ ಗುಡಿಯಾಗುತ್ತಾಳೆ, ಹಣತೆಯಾಗುತ್ತಾಳೆ, ನೆಲ, ನದಿ, ವೀಣೆ, ಆಕಾಶ ಎಲ್ಲವೂ ಆಗುತ್ತಾಳೆ. ಹೆಂಗಸಾಗಿ ಒಂದು ಪುಟದಲ್ಲೂ ಇಲ್ಲ. ಒಂಬತ್ತು ಹುಣ್ಣಿಮೆಯಲ್ಲಿ ಒಂದು ಸಲವೂ ಅವಳು ಉಚ್ಚೆಗೆ ಎದ್ದು ಹೋಗುವುದಿಲ್ಲ. ಎದೆಯುರಿ ಬರುವುದಿಲ್ಲ, ಸೊಂಟ ಹಿಡಿಯುವುದಿಲ್ಲ, ಗಂಡನಿಗೆ ಬೈಯುವುದಿಲ್ಲ. ಮೂಲವ್ಯಾಧಿ ಬಂದ ವೀಣೆಯನ್ನು ನೀವು ಕಂಡಿರಲಿಕ್ಕಿಲ್ಲ. ಪುಸ್ತಕದ ಹಿಂಬದಿಯಲ್ಲಿ ನಿಮ್ಮ ಚಿತ್ರವಿದೆ: ಹೆಗಲಿಗೆ ಶಾಲು, ಗಲ್ಲಕ್ಕೆ ಕೈ, ನೋಟ ಎಲ್ಲೋ ದೂರ. ನೋಡಬೇಕಾದದ್ದು ಒಳಮನೆಯಲ್ಲಿ ಕಾಲು ಚಾಚಿಕೊಂಡು ಮಲಗಿತ್ತು.

ಇಷ್ಟೇ ಆಗಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ, ನಮ್ಮ ಮನೆಯ ಒಂದೇ ಕಾಗದವನ್ನು ನಿಮಗೆ ಸುರಿಯುತ್ತಿರಲಿಲ್ಲ. ನಿಮ್ಮ ಒಂಬತ್ತನೆಯ ಪದ್ಯ ಹೀಗಿದೆ. ನೀವು ಮರೆತಿರಬಹುದು, ಇಲ್ಲಿ ಮಕ್ಕಳಿಗೂ ಬಾಯಿಪಾಠ.

ಒಂಬತ್ತನೆಯ ಹುಣ್ಣಿಮೆ. ಅವಳೀಗ ಮಾತಿಲ್ಲದ ಗುಡಿ.
ನೋವು ಬಂದರೂ ತುಟಿಯ ಹೊಸಿಲು ದಾಟದು.
ಮೌನದ ಬತ್ತಿ ತನ್ನನ್ನು ಸುಟ್ಟುಕೊಂಡೇ
ಬೆಳಗಬೇಕು ಒಳಗಿನ ಪುಟ್ಟ ದೀಪ.

ಇದರಿಂದ ಮೌನಮಾಸ ಹುಟ್ಟಿತು. ಒಂಬತ್ತನೆಯ ತಿಂಗಳು ಹತ್ತಿದ ದಿನ ಬಸುರಿಯನ್ನು ಒಂದು ಕೋಣೆಗೆ ಸೇರಿಸುತ್ತಾರೆ. ಹೆರುವವರೆಗೆ ಅವಳು ಮಾತಾಡಬಾರದು, ನರಳಬಾರದು, ಕೈಸನ್ನೆಯನ್ನೂ ಮಾಡಬಾರದು. ಊಟ ಕಿಂಡಿಯಿಂದ. ಹೊರಗೆ ಹೆಂಗಸರು ಸರದಿಯಲ್ಲಿ ಕೂತು ನಿಮ್ಮ ಪದ್ಯ ಹಾಡುತ್ತಾರೆ. ಒಳಗಿನಿಂದ ದನಿ ಬಂದರೆ ದೀಪ ಕೆಟ್ಟಿತೆಂದು ಲೆಕ್ಕ. ಆ ಕೂಸಿಗೆ ಹೆಸರಿಲ್ಲ, ನೀರ್ಗುರುತಿಲ್ಲ. ನೀರ್ಗುರುತಿಲ್ಲದ ಕೂಸನ್ನು ಈ ಬಿಸಿಲಿನಲ್ಲಿ ಹೇಗೆ ಸಾಕುವುದು ಎಂದು ಮಂಡಳಿಯನ್ನು ಕೇಳಿದರೆ, ಅದು ಪದ್ಯದಲ್ಲಿಲ್ಲ ಎನ್ನುತ್ತಾರೆ.

ಹೋದ ವರ್ಷದ ಕೊನೆಗೆ, ಹುಲಿಗೆಮ್ಮನಿಗಿಂತ ಮೊದಲೇ ಬಸುರಾಗಿದ್ದ ನಮ್ಮ ಬೀದಿಯ ಹನುಮಕ್ಕ ಮೌನಮಾಸಕ್ಕೆ ಕೂತಳು. ಗಟ್ಟಿ ಹುಡುಗಿ, ಹೂಳಿನ ಬುಟ್ಟಿಯನ್ನು ಒಂದೇ ಕೈಯಲ್ಲಿ ಎತ್ತುತ್ತಿದ್ದಳು. ಒಳಗೆ ಹೋಗುವಾಗಲೇ ಅವಳ ಮುಖ ಊದಿತ್ತು, ಕಾಲುಂಗುರ ಬೆರಳಿನಲ್ಲಿ ಹೂತುಹೋಗಿತ್ತು. ಕೆಲವು ದಿನಗಳಾದ ಮೇಲೆ ಅವಳು ಒಳಗಿನಿಂದ ಗೋಡೆ ಬಡಿಯತೊಡಗಿದಳು. ಬಾಯಿ ತೆರೆದರೆ ಕೂಸಿನ ನೀರು ಹೋಗುತ್ತದಲ್ಲ, ಅದಕ್ಕೆ ಗೋಡೆ. ಹೊರಗೆ ಹಾಡುತ್ತಿದ್ದವರಲ್ಲಿ ಅವಳ ಅತ್ತೆ ಸೋಮವ್ವನೂ ಇದ್ದಳು. ಆಮೇಲೆ ನನ್ನ ಭಟ್ಟಿಯ ಹತ್ತಿರ ಬಂದು, ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಒಂದು ಹಸಿ ಇಟ್ಟಿಗೆಯನ್ನು ಒತ್ತುತ್ತ ಹೇಳಿದಳು: “ತಾಳ ಎಷ್ಟ್ ಚಂದ ಹಾಕ್ತಾಳ ಅಂದ್ಕೊಂಡ್ವಿ, ಗಾಳೆವ್ವಕ್ಕ. ನಾವು ಇನ್ನಷ್ಟು ಜೋರಾಗಿ ಹಾಡಿದ್ವಿ.”

ಬಡಿತ ನಿಂತಾಗ ಇವರು ಹಾಡು ಮುಗಿಸಿ ಮನೆಗೆ ಹೋದರು. ಬಾಗಿಲು ತೆರೆದಾಗ ಅವಳ ನಾಲಗೆ ಹಲ್ಲಿನ ನಡುವೆ ಇತ್ತು. ಕೂಸೂ ಉಳಿಯಲಿಲ್ಲ. ಶರಭಯ್ಯ ಅತ್ತ. ನಿಜವಾಗಿ ಅತ್ತ, ಅದನ್ನು ಅಲ್ಲಗಳೆಯುವುದಿಲ್ಲ. ಅತ್ತು ಮುಗಿಸಿ, ಹನುಮಕ್ಕ ಪದ್ಯವನ್ನು ಪೂರ್ತಿ ಬದುಕಿದವಳು ಎಂದು ಹೇಳಿ ಆ ನೆರಳುಬೀದಿಗೆ ಅವಳ ಹೆಸರಿಟ್ಟ. ಬೀದಿಗೆ ಹೆಸರಿಟ್ಟರೆ ಗೋಡೆ ಬಡಿದದ್ದಕ್ಕೆ ಉತ್ತರ ಕೊಟ್ಟ ಹಾಗಾಗುತ್ತದೆಯೇ? ನಾನು ಸಭೆಯಲ್ಲೇ ಎದ್ದು ನಿಂತು ಕೇಳಿದೆ. ಆಡು ಈಯುವಾಗ ಊರೆಲ್ಲ ಕೇಳುವ ಹಾಗೆ ಕೂಗುತ್ತದೆ, ಕೂಗಿದಾಗ ನಾವು ಎದ್ದು ಹೋಗಿ ನೋಡುತ್ತೇವೆ, ಅಷ್ಟು ಬುದ್ಧಿ ಹೆಂಗಸಿನ ವಿಷಯದಲ್ಲಿ ಯಾಕಿಲ್ಲ ಎಂದೆ.

“ಆಡಿಗೆ ಕವಿತಾ ಇಲ್ಲವ್ವ ಗಾಳೆವ್ವ, ಹೆಣ್ಣಿಗೆ ಐತಿ” ಎಂದ ಶರಭಯ್ಯ.

“ಅದಕ್ಕ ಆಡು ಉಳದಾವು” ಎಂದೆ.

ಜನ ನಕ್ಕರು. ನಕ್ಕು ಮನೆಗೆ ಹೋಗಿ ಹಾಡು ಕಲಿತರು.

ಈಗ ನನ್ನ ಹುಲಿಗೆಮ್ಮನ ಸರದಿ. ಅವಳ ತಾಯಿ, ನನ್ನ ಮಗಳು, ಬಿಸಿಲಿನ ಜ್ವರಕ್ಕೆ ಹೋದಾಗ ಇವಳಿಗೆ ಇನ್ನೂ ಹಲ್ಲು ಬಂದಿರಲಿಲ್ಲ. ಭಟ್ಟಿಯ ಬೂದಿಯಲ್ಲೇ ಆಡಿ ಬೆಳೆದಳು. ಮಾರ್ಚ್ ಹದಿನಾರಕ್ಕೆ ಅವಳಿಗೆ ಒಂಬತ್ತು ಹತ್ತುತ್ತದೆ, ಅಂದೇ ಕೋಣೆಯ ಬಾಗಿಲು ಹಾಕುತ್ತಾರೆ. ಮೊನ್ನೆ ಅವಳ ಕಾಲನ್ನು ಒತ್ತಿ ನೋಡಿದೆ. ಹಸಿ ಇಟ್ಟಿಗೆಯ ಹಾಗೆ ಬೆರಳಿನ ಗುರುತು ಹಾಗೆಯೇ ನಿಂತಿತು. ಮುಖವೂ ತುಂಬಿಕೊಂಡಿದೆ. ಅದರ ಅರ್ಥವೇನೆಂದು ನನಗೆ ತಿಳಿಯದು, ವೈದ್ಯನಿಗೂ ತಿಳಿಯದು. ಹನುಮಕ್ಕನ ಮುಖ ಹೀಗೆಯೇ ತುಂಬಿತ್ತು ಎಂಬುದು ಮಾತ್ರ ನನಗೆ ಗೊತ್ತು.

ಮಂಡಳಿಯನ್ನು ಒದ್ದು ಅವಳನ್ನು ಎಲ್ಲಿಗಾದರೂ ಎತ್ತಿಕೊಂಡು ಹೋಗಬಹುದಿತ್ತು. ಆದರೆ ಅವಳೇ ಬರುವುದಿಲ್ಲ. ಅವಳಿಗೆ ನಿಮ್ಮ ಪದ್ಯದ ಮೇಲೆ ಭಕ್ತಿ. ಭಟ್ಟಿಯಲ್ಲಿ ಬೆಳೆದ ಹುಡುಗಿಯನ್ನು ಗುಡಿ ಎಂದು ಕರೆದ ಮೊದಲ ಮನುಷ್ಯ ನೀವು. ಅದು ಅವಳಿಗೆ ಹಿತವಾಗಿದೆ. ನಾನು ಅವಳನ್ನು ಕತ್ತೆ ಎಂದೇ ಕರೆದು ಸಾಕಿದವಳು. ನಾನು ಬೈದೆ, ಬೇಡಿಕೊಂಡೆ, ಒಂದು ದಿನ ಕೈಯನ್ನೂ ಎತ್ತಿದೆ. ಅವಳು ಸಮಾಧಾನದಿಂದ, “ಅಜ್ಜಿ, ಇಷ್ಟು ಚಂದ ಬರದಾವ ಸುಳ್ಳು ಬರೀತಾನೇನು?” ಎಂದಳು. ಆಮೇಲೆ, “ಅವರು ಬ್ಯಾಡ ಅಂದ್ರ ಬಿಡ್ತೀನಿ. ನೀ ಅಂದ್ರ ಬಿಡಾಂಗಿಲ್ಲ” ಎಂದಳು. ಮಂಡಳಿಯ ನಿಯಮವೂ ಅದೇ: ಬರೆದವರ ಮಾತು ಪದ್ಯಕ್ಕಿಂತ ಮೇಲು, ಬರೆದವರೇ ಬೇಡವೆಂದರೆ ಕಟ್ಟು ಬಿಡಿಸಿದ ಹಾಗೆ. ಹೀಗೆ ಒಬ್ಬ ಮೊಮ್ಮಗಳೂ ಒಬ್ಬ ಮಾಸ್ತರನೂ ಸೇರಿ ನನ್ನನ್ನು ನಿಮ್ಮ ಬಾಗಿಲಿಗೆ ತಂದು ನಿಲ್ಲಿಸಿದ್ದಾರೆ.

ನಿಮ್ಮ ಮುನ್ನುಡಿಯನ್ನೂ ಓದಿದ್ದೇನೆ. ‘ಸೀಮಂತ ಮುಗಿಸಿ ಸುಲೋಚನಾ ಹೆರಿಗೆಗೆ ತವರಿಗೆ ಹೋದಳು. ಮನೆಯಲ್ಲಿ ಮೌನ ತುಂಬಿತು. ಆ ಮೌನದಲ್ಲಿ ಕೊನೆಯ ಮೂರು ಕವಿತೆಗಳು ತಾವಾಗಿ ಹರಿದುಬಂದವು’ ಎಂದು ನೀವೇ ಬರೆದಿದ್ದೀರಿ. ಅಂದರೆ ಒಂಬತ್ತನೆಯ ತಿಂಗಳು ನೀವು ಅವಳ ಹತ್ತಿರವೇ ಇರಲಿಲ್ಲ. ಮೌನ ಇದ್ದದ್ದು ನಿಮ್ಮ ಖಾಲಿ ಮನೆಯಲ್ಲಿ. ಅವಳು ತನ್ನ ತಾಯಿಯ ಮನೆಯಲ್ಲಿ ಏನೆಂದು ಕೂಗಿದಳು, ಯಾರ ಕೈ ಹಿಡಿದಳು, ನಿಮ್ಮನ್ನು ಏನೆಂದು ಬೈದಳು, ನಿಮಗೆ ಗೊತ್ತೇ ಇಲ್ಲ. ಇದನ್ನು ಶರಭಯ್ಯನ ಮುಂದೆ ಇಟ್ಟು, ಈ ಮನುಷ್ಯ ನೋಡಿಯೇ ಇಲ್ಲವಲ್ಲೋ ಎಂದೆ. “ಕವಿ ನೋಡಬೇಕಂತ ಇಲ್ಲವ್ವ, ಅವನಿಗೆ ಕಾಣ್ತದ. ಮುನ್ನುಡಿ ಬ್ಯಾರೆ, ಕವಿತಾ ಬ್ಯಾರೆ. ನಾಲ್ಕನೇತ್ತ ಓದಿದವರಿಗೆ ಅದು ತಿಳಿಯಂಗಿಲ್ಲ” ಎಂದ. ತಿಳಿಯಬೇಕಾಗಿಯೂ ಇಲ್ಲ.

ಹಾಗಾದರೆ ನಿಮ್ಮಂಥವನಿಗೆ ಬರೆದು ಏನು ಫಲ ಎಂದು ನಾನೂ ಯೋಚಿಸಿದೆ. ಬರೆಯಲು ಒಪ್ಪಿದ್ದು ಆರನೆಯ ಪದ್ಯದ ಒಂದು ಸಾಲಿಗಾಗಿ. ‘ಯಾರೂ ಇಲ್ಲದಾಗ ಗೋಡೆಯ ಮಣ್ಣು ಕೆರೆದು ತಿಂದಳು, ನಾನು ಬಂದೆನೆಂದು ಬಾಯಿ ಒರೆಸಿಕೊಂಡಳು.’ ಆರನೆಯ ತಿಂಗಳಲ್ಲಿ ಹುಲಿಗೆಮ್ಮ ಇಟ್ಟಿಗೆಯ ಪುಡಿ ತಿನ್ನುತ್ತಿದ್ದಳು. ನನ್ನನ್ನು ಕಂಡು ಹೀಗೆಯೇ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಆ ಸಾಲಿನಲ್ಲಿ ಗುಡಿಯಿಲ್ಲ, ಹಣತೆಯಿಲ್ಲ. ಆಗ ಸುಲೋಚನಾ ಇನ್ನೂ ತವರಿಗೆ ಹೋಗಿರಲಿಲ್ಲ. ನೀವು ಬಾಗಿಲಲ್ಲಿ ನಿಂತು ಕಣ್ಣಾರೆ ನೋಡಿದ್ದೀರಿ, ನೋಡಿದ್ದನ್ನೇ ಬರೆದಿದ್ದೀರಿ. ನೋಡಲು ನಿಮಗೆ ಬರುತ್ತದೆ. ಸೋಮಾರಿತನ ಬಿಟ್ಟರೆ ಅದನ್ನು ಇನ್ನೊಂದು ಸಲ ಮಾಡಬಹುದು.

ನೀವು ಮಾಡಬೇಕಾದದ್ದು ಇಷ್ಟು. ಶಾಲು ತೆಗೆದಿಟ್ಟು ಒಳಗೆ ಹೋಗಿ. ಸುಲೋಚನಾ ಅವರನ್ನು ಕೂರಿಸಿಕೊಂಡು, ಒಂಬತ್ತನೆಯ ತಿಂಗಳು ಹೇಗಿತ್ತು ಎಂದು ಕೇಳಿ. ಇಷ್ಟು ವರ್ಷ ಕೇಳಿಲ್ಲವಾದರೆ ಅವರು ಮೊದಲು ನಿಮ್ಮನ್ನು ಬೈಯಬಹುದು. ಬೈಸಿಕೊಳ್ಳಿ. ಆಮೇಲೆ ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯಿರಿ. ಅವರೇ ಬರೆದರೆ ಇನ್ನೂ ಒಳ್ಳೆಯದು. ಮೈ ಊದಿತ್ತೇ, ತಲೆ ನೋಯುತ್ತಿತ್ತೇ, ಆಗ ಮನೆಯವರು ಏನು ಮಾಡಿದರು, ನೋವು ಬಂದಾಗ ಯಾರನ್ನು ಕರೆದರು, ಎಲ್ಲವೂ ಬೇಕು. ನಿಮಗೆ ಕ್ಷುಲ್ಲಕ ಎನಿಸಿದ್ದನ್ನು ಮೊದಲು ಬರೆಯಿರಿ, ನಮಗೆ ಬೇಕಾಗಿರುವುದು ಅದೇ. ಕೆಳಗೆ ನಿಮ್ಮ ಕೈಯಿಂದ, ಒಂಬತ್ತನೆಯ ಪದ್ಯ ನಾನು ನೋಡದೆ ಬರೆದದ್ದು, ಯಾವ ಹೆಂಗಸೂ ಅದರಂತೆ ನಡೆಯಬಾರದು, ಹುಲಿಗೆಮ್ಮ ನೋವಾದರೆ ಕೂಗಬೇಕು ಎಂದು ಬರೆದು ರುಜು ಹಾಕಿ. ಹುಲಿಗೆಮ್ಮನ ಹೆಸರು ಇರಲೇಬೇಕು, ಇಲ್ಲದಿದ್ದರೆ ಅದು ಬೇರೆ ಯಾರಿಗೋ ಹೇಳಿದ್ದು ಎನ್ನುತ್ತಾಳೆ.

ಹೋಲಿಕೆ ಒಂದೂ ಬೇಡ. ಕೂಗು ಎಂದರೆ ಕೂಗು ಎಂದಷ್ಟೇ ಬರೆಯಿರಿ. ಅದನ್ನು ಕೋಗಿಲೆ ಎಂದೋ ಕಹಳೆ ಎಂದೋ ಬರೆದರೆ ಇಲ್ಲಿ ಬಸುರಿಯರನ್ನು ಮರ ಹತ್ತಿಸುವ ಇನ್ನೊಂದು ಮಂಡಳಿ ಹುಟ್ಟುತ್ತದೆ.

ಬರೆದದ್ದನ್ನು ಸ್ಟೀಲಿನ ಡಬ್ಬಿಯಲ್ಲಿ ಹಾಕಿ, ಮುಚ್ಚಳಕ್ಕೆ ಮೇಣ ಹಚ್ಚಿ, ಆನೆಗೊಂದಿಯ ಆಚೆ ನದಿಗೆ ಬೆನ್ನು ಹಾಕಿ ನಿಂತ ಜೋಡಿ ಬಂಡೆಯ ಸಂದಿಯಲ್ಲಿ ಇಡಿ. ಒಂದು ಬಂಡೆ ಇನ್ನೊಂದರ ಹೆಗಲಿಗೆ ಒರಗಿದೆ, ತಪ್ಪುವುದಿಲ್ಲ. ನಮ್ಮ ಕಾಲಕ್ಕೂ ಅದು ಹಾಗೆಯೇ ಇದೆ. ಕಾಗದ ಹೋಗುವ ಮೊದಲು ಸಂದಿಯೊಳಗೆ ನೋಡಬಾರದು ಎಂದು ಹಿಂದಂಚೆಯವನ ತಾಕೀತು, ಆದ್ದರಿಂದ ನಾನು ನೋಡಿಲ್ಲ. ಕೊಟ್ರೇಶ ಮಾತ್ರ ದಿನವೂ ಆ ಕಡೆ ಮುಖ ಮಾಡಿ ಕೂರುತ್ತಾನೆ. ಬಾಗಿಲು ಹಾಕುವ ಹಿಂದಿನ ದಿನ ಶರಭಯ್ಯ, ನಾನು, ಹುಲಿಗೆಮ್ಮ ಮೂವರೂ ಹೋಗಿ ಎಲ್ಲರ ಎದುರಿಗೆ ಸಂದಿಗೆ ಕೈ ಹಾಕುವುದೆಂದು ಒಪ್ಪಂದವಾಗಿದೆ. ಅಂದು ಸಿಗದೆ ಮರುದಿನ ಸಿಕ್ಕರೆ ಲೆಕ್ಕಕ್ಕಿಲ್ಲ, ಬಾಗಿಲು ಹಾಕಿಯಾಗಿರುತ್ತದೆ.

ನಿಮಗೆ ಇನ್ನೂರು ವರ್ಷ ಸಮಯವಿದೆಯಲ್ಲ ಎಂದು ಕೂರಬೇಡಿ. ಕವಿಗಳ ನಾಳೆ ನನಗೆ ಗೊತ್ತು, ನಾಳೆ ನಾಳೆ ಎನ್ನುತ್ತಲೇ ಸಾಯುತ್ತೀರಿ. ನಮಗಿರುವ ತಾರೀಕೇ ನಿಮಗೂ. ಮಾರ್ಚ್ ಹದಿನೈದರೊಳಗೆ ಉತ್ತರ ಇಟ್ಟಿರಬೇಕು.

ಗಾಳೆಮ್ಮ